ಹಲ್ಲುಚಕ್ರದ ಮೇಲೊಂದು ವಿಭೂತಿ ಬೊಟ್ಟು

ನನ್ನ ಟೂಲ್ ಪೆಟ್ಟಿಗೆಯಲ್ಲಿ, ಹನ್ನೆರಡು-ಹದಿಮೂರರ ಸ್ಪ್ಯಾನರಿನ ಪಕ್ಕ, ಒಂದು ವಿಭೂತಿ ಗಟ್ಟಿ ಇದೆ. ಬೈಕು ರಿಪೇರಿಗೆ ಬಂದವರು ಮೊದಲು ಅದನ್ನು ನೋಡುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ, ಆಮೇಲೆ ಇಲ್ಲಿ ಚಪ್ಪಲಿ ಬಿಡಬೇಕೋ ಏನೋ ಎಂದು ಕಾಲು ನೋಡಿಕೊಳ್ಳುತ್ತಾರೆ. ಮೊನ್ನೆ ಒಬ್ಬರು, ‘ಈ ವಯಸ್ಸಿಗೇ ಎಂಥ ಭಕ್ತಿ ಮಾರಾಯ’ ಎಂದು ಕೈಯನ್ನೇ ಮುಗಿದರು. ನಾನೂ ಕಣ್ಣು ಅರೆಮುಚ್ಚಿ, ಮಠದ ಸ್ವಾಮಿಗಳ ಹಾಗೆ ನಿಧಾನ ತಲೆಯಾಡಿಸಿದೆ. ಭಕ್ತಿ ಅಲ್ಲ, ಭಯ. ಹಾಗೆಂದು ಹೇಳಿದರೆ ಗಿರಾಕಿ ಬೈಕು ತಳ್ಳಿಕೊಂಡು ವಾಪಸ್ಸು ಹೋಗುತ್ತಾನೆ. ನೀವು ಬೈಕು ತಂದಿಲ್ಲವಲ್ಲ, ನಿಮಗೆ ಹೇಳುತ್ತೇನೆ.

ನಿಮಗೆ ನನ್ನ ಪರಿಚಯ ಇಲ್ಲದಿದ್ದರೂ ನನ್ನ ಗಂಟಲಿನ ಪರಿಚಯ ಇರಬಹುದು. ಆಲೂರಿನ ಸುತ್ತಮುತ್ತ ಮದುವೆಗಳಲ್ಲಿ ಎರಡನೇ ಪಂಕ್ತಿಗೆ ಎಲೆ ಹಾಕುವುದು ತಡವಾದರೆ ಜನ ಎದ್ದು ಹೋಗದಿರಲಿ ಎಂದು ಮೈಕು ಕೊಡುವುದು ನನ್ನ ಕೈಗೆ. ಎಸ್ಟೇಟಿನ ರೈಟರು ಆಳುಗಳನ್ನು ಎಣಿಸುವಾಗ ಏಳಕ್ಕೊಮ್ಮೆ ಕೆಮ್ಮಿ ಮತ್ತೆ ಐದರಿಂದ ಶುರು ಮಾಡುವುದು, ಬಸ್ಸಿನ ಕಂಡಕ್ಟರು ‘ಒಳಗ್ ಹೋಗಿ ಒಳಗ್ ಹೋಗಿ’ ಎನ್ನುತ್ತ ತಾನು ಮಾತ್ರ ಬಾಗಿಲಲ್ಲೇ ಇರುವುದು, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗೆ ಇವೆ. ನನ್ನನ್ನೂ ಬಿಟ್ಟಿಲ್ಲ. ಹೆಣ್ಣು ನೋಡಲು ಹೋದಲ್ಲಿ ‘ಸ್ವಂತ ಗ್ಯಾರೇಜು’ ಎನ್ನುವಾಗ ನನ್ನ ಧ್ವನಿ ಎಷ್ಟು ದಪ್ಪವಾಗುತ್ತದೆ, ‘ಎಷ್ಟು ಜನ ಕೆಲಸಕ್ಕವ್ರೆ?’ ಎಂದು ಕೇಳಿದ ಕೂಡಲೇ ಎಷ್ಟು ತೆಳ್ಳಗಾಗುತ್ತದೆ ಎಂದು ಮಾಡಿ ತೋರಿಸಿದರೆ ಹುಡುಗಿಯ ಕಡೆಯವರೂ ನಗುತ್ತಾರೆ. ನಕ್ಕು ಬೇರೆ ಕಡೆ ಕೊಡುತ್ತಾರೆ.

ಒಂದು ಐಬು ಇದೆ. ಹೆದರಿಕೆಯಾದರೆ ನನ್ನ ಗಂಟಲಿಗೆ ನನ್ನ ಧ್ವನಿ ಸಿಗುವುದಿಲ್ಲ. ಕೈಗೆ ಸಿಕ್ಕವರದ್ದನ್ನು ಎತ್ತಿಕೊಂಡುಬಿಡುತ್ತದೆ. ಐದನೇ ಕ್ಲಾಸಿನಲ್ಲಿ ಹೆಡ್ಮಾಸ್ತರು ‘ಗಾಜು ಒಡೆದವನು ಯಾರು?’ ಎಂದು ಗುಡುಗಿದಾಗ ನಾನು ಅವರದೇ ಮೂಗಿನಲ್ಲಿ ‘ಯಾರು?’ ಎಂದುಬಿಟ್ಟಿದ್ದೆ. ಬಾಸುಂಡೆ ವಾರಕ್ಕೆ ಮಾಸಿತು. ಐಬು ಉಳಿಯಿತು.

ವಿಭೂತಿ ಗಟ್ಟಿ ದೊಡ್ಡಮ್ಮನದು. ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಮಗ್ಗೆಯ ಹತ್ತಿರ ಅವರ ಮನೆ. ಅಂಗಳದ ಶೆಡ್ಡಿನಲ್ಲಿ ಒಂದು ಪುಟ್ಟ ಹಳೇ ಕಾರು. ದುಂಡು ಬೆನ್ನು, ಮೊಂಡು ಮೂಗು. ನಾವು ಮಕ್ಕಳು ಅದಕ್ಕೆ ಇಟ್ಟ ಹೆಸರು ಬೆಲ್ಲದಚ್ಚು. ಕೊಂಡವರು ದೊಡ್ಡಪ್ಪ. ಕೊಂಡ ಮೊದಲ ದಿನವೇ ಅದನ್ನು ಚರಂಡಿಗೆ ಇಳಿಸಿ, ಎದ್ದು ಬಂದು ಪಂಚೆ ಕೊಡವಿ, ‘ನಂಗೂ ಇದ್ಕೂ ಸರಿಬರಾಕಿಲ್ಲ ಕಣೇ, ನೀನೇ ಇಟ್ಕೋ’ ಎಂದು ಬೀಗದ ಕೈಯನ್ನು ಹೆಂಡತಿಯ ಕೈಗೆ ಕೊಟ್ಟರಂತೆ. ಅಲ್ಲಿಂದ ಮುಂದೆ, ಬದುಕಿರುವ ತನಕ, ಅವರು ಹಿಂದಿನ ಸೀಟಿನವರು. ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಟೇರಿಂಗ್ ಹಿಡಿದರೆ ರಸ್ತೆಯ ಎಮ್ಮೆಗಳೂ ಒಂದು ಬದಿಗೆ ನಿಲ್ಲುತ್ತಿದ್ದವು.

ಆ ಕಾರಿನಲ್ಲಿ ನನಗೊಂದು ಹುದ್ದೆ ಇತ್ತು. ಹ್ಯಾಂಡ್‌ಬ್ರೇಕು ಹಿಡಿಯುತ್ತಿರಲಿಲ್ಲ. ಅದಕ್ಕೆ ಹಿಂದಿನ ಸೀಟಿನ ಕೆಳಗೆ ತೆಂಗಿನಕಾಯಿ ಗಾತ್ರದ ಒಂದು ಕಲ್ಲು. ಹೆತ್ತೂರಿನ ಏರಿನಲ್ಲಿ ಎದುರಿಗೆ ಬಸ್ಸು ಬಂದು ಕಾರು ನಿಲ್ಲಬೇಕಾದರೆ ದೊಡ್ಡಮ್ಮ ಕನ್ನಡಿಯಲ್ಲೇ ನನ್ನನ್ನು ನೋಡಿ, ‘ಕಲ್ಲು, ಕಲ್ಲು, ಕಲ್ಲು!’ ಎನ್ನುತ್ತಿದ್ದರು. ನಾನು ಬಾಗಿಲು ತೆರೆದು ಹಾರಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಕಾರು ಹೊರಟ ಮೇಲೆ ಅದನ್ನು ಎದೆಗೆ ಅವುಚಿಕೊಂಡು ಓಡಿ ಹತ್ತಬೇಕು. ಅವರು ನಿಲ್ಲಿಸುತ್ತಿರಲಿಲ್ಲ. ನಿಲ್ಲಿಸಿದರೆ ಮತ್ತೆ ಕಲ್ಲು ಬೇಕಲ್ಲ! ಕಲ್ಲು ಜಾರಿದರೆ ಕಾರು, ದೊಡ್ಡಮ್ಮ, ದೊಡ್ಡಪ್ಪ, ಹಿಂದೆ ನಿಂತ ನಾನು, ಎಲ್ಲರೂ ಒಟ್ಟಿಗೆ ಕಾಫಿ ಗಿಡದೊಳಗೆ ಎಂಬುದು ನನಗೆ ಏಳನೇ ವಯಸ್ಸಿಗೇ ಗೊತ್ತಿತ್ತು. ಈಗಲೂ ಕನಸಿನಲ್ಲಿ ಕಲ್ಲು ಕೈಗೆ ಸಿಗುವುದಿಲ್ಲ.

ದೊಡ್ಡಪ್ಪ ಹೋದ ಮೇಲೂ ಬೆಲ್ಲದಚ್ಚು ಓಡುತ್ತಲೇ ಇತ್ತು. ಹೆತ್ತೂರಿನಲ್ಲಿ ದೊಡ್ಡಮ್ಮನ ತಂಗಿ ಇದ್ದಾರೆ. ಸೊಂಟದ ಮೂಳೆ ಮುರಿದ ಮೇಲೆ ಅವರು ಮಂಚ ಬಿಟ್ಟಿಲ್ಲ. ಪ್ರತಿ ಗುರುವಾರ ದೊಡ್ಡಮ್ಮ ಕಾರಿನಲ್ಲಿ ಹೋಗಿ, ಅವರ ತಲೆಗೆ ಎಣ್ಣೆ ಹಚ್ಚಿ, ಬಿಸಿನೀರು ಹಾಕಿ, ಜಡೆ ಹೆಣೆದು ಬರುತ್ತಾರೆ. ಬೇರೆಯವರು ನೀರು ಹಾಕಿದರೆ ಆ ಚಿಕ್ಕಮ್ಮ ಅಳುತ್ತಾರಂತೆ. ದೊಡ್ಡಮ್ಮನ ಮಗ ಲೋಕೇಶಣ್ಣ ಕಳೆದ ವರ್ಷ ಹೊಸ ಕಾರು ತಂದ. ಬಟನ್ನು ಒತ್ತಿದರೆ ಶುರುವಾಗುವುದು, ಹಿಂದೆ ಹೋಗುವಾಗ ಹೆಂಗಸಿನ ಧ್ವನಿಯಲ್ಲಿ ಎಚ್ಚರಿಸುವುದು. ‘ನಾನೇ ಕರ್ಕೊಂಡ್ ಹೋಯ್ತೀನಿ ಕಣವ್ವ’ ಎಂದ. ನಾಲ್ಕು ಗುರುವಾರ ಕರೆದುಕೊಂಡು ಹೋಗಲಿಲ್ಲ. ಐದನೆಯದಕ್ಕೆ ದೊಡ್ಡಮ್ಮ ಹೊಸ ಕಾರಿನಲ್ಲಿ ತಾವೇ ಕೂತು, ಆ ಹೆಂಗಸು ಮಾತಾಡಿದ್ದಕ್ಕೆ ಬೆಚ್ಚಿ, ಇಳಿದು ಬಂದರು. ‘ಗಾಡಿ ಬುಡೋಳು ನಾನಾ, ಅವ್ಳಾ?’ ಎಂದರು. ಮತ್ತೆ ಬೆಲ್ಲದಚ್ಚು.

ಈ ಮಳೆಗಾಲದ ಕೊನೆಗೆ ಬೆಲ್ಲದಚ್ಚಿನ ಇಂಜಿನ್ನಿನಿಂದ ಚೀಲದಲ್ಲಿ ಕರಟ ತುಂಬಿ ಅಲ್ಲಾಡಿಸಿದಂಥ ಸದ್ದು ಬರತೊಡಗಿತು. ಸಕಲೇಶಪುರದಲ್ಲಿ ಚೆನ್ನಪ್ಪ ಮೇಸ್ತ್ರಿ ಎಂಬವರಿದ್ದಾರೆ, ನನಗೆ ಕೆಲಸ ಕಲಿಸಿದವರು. ಕೈ ನಡುಗುತ್ತದೆಂದು ಸ್ಪ್ಯಾನರು ಬಿಟ್ಟು ಮೂರು ವರ್ಷವಾಯಿತು, ಬೈಯುವುದನ್ನು ಬಿಟ್ಟಿಲ್ಲ. ಅವರಿಗೆ ಫೋನು ಮಾಡಿ, ಸದ್ದನ್ನು ಬಾಯಲ್ಲೇ ಮಾಡಿ ತೋರಿಸಿದೆ. ಕಾರಿನ ಪಕ್ಕ ಫೋನು ಹಿಡಿದಿದ್ದರೆ ಸಾಕಿತ್ತು, ಆದರೆ ಕಲೆ ಎಂಬುದೊಂದಿದೆಯಲ್ಲ.

‘ಟೈಮಿಂಗ್ ಚೈನು ಜೋತುಬಿದ್ದೈತೆ ಕಣೋ,’ ಎಂದರು ಮೇಸ್ತ್ರಿ. ‘ಬದಲಾಯ್ಸು. ಆದ್ರೆ ಕೇಳ್ಕೋ. ಕೆಳಗಿನ ಚಕ್ರ ಪಿಸ್ಟನ್ ಎತ್ತಿಳಿಸ್ತದೆ, ಮೇಲಿನ ಕ್ಯಾಮ್ ಚಕ್ರ ವಾಲ್ವು ತೆಗ್ದು ಮುಚ್ತದೆ. ಎರಡ್ನೂ ಜೊತೆ ಮಾಡೋದು ಆ ಚೈನು. ಒಂದು ಹಲ್ಲು ತಪ್ಪಿದ್ರೆ ಕಾರು ಕೆಮ್ತದೆ. ಎರಡು ತಪ್ಪಿದ್ರೆ ಏಳಾಕಿಲ್ಲ. ಅದ್ಕೂ ಮೇಲೆ ತಪ್ಪಿದ್ರೆ, ಏರಿ ಬರೋ ಪಿಸ್ಟನ್ನು ತೆಗೆದಿರೋ ವಾಲ್ವಿಗೆ ಹೊಡೀತದೆ. ವಾಲ್ವು ಬಗ್ತು ಅಂದ್ರೆ ಮುಗೀತು. ಆ ಇಂಜಿನ್ನಿನ ಸಾಮಾನು ಈಗ ಯಾವ ಅಂಗಡೀಲೂ ಇಲ್ಲ. ಆಮೇಲೆ ನೀನು ನಿಮ್ಮ ದೊಡ್ಡಮ್ಮನ್ನ ಬೆನ್ ಮೇಲೆ ಹೊತ್ಕೊಂಡು ಹೆತ್ತೂರಿಗೆ ಹೋಗ್ಬೇಕು, ಬಾಯಲ್ಲಿ ಇಂಜಿನ್ ಸದ್ದು ಮಾಡ್ಕೊಂಡು.’

ಕಂಪನಿಯವರು ಈ ಚಕ್ರಗಳ ಮೇಲೆ ಒಂದೊಂದು ಗುರುತು ಕೊಟ್ಟಿರುತ್ತಾರೆ. ಎರಡು ಗುರುತೂ ಎದುರುಬದುರು ಬಂದರೆ ಸರಿ. ಬೆಲ್ಲದಚ್ಚಿನ ಚಕ್ರಗಳು ಯಾವ ಕಾಲದಲ್ಲೋ ಬೇರೆ ಗಾಡಿಯಿಂದ ಬಂದವು, ಗುರುತಿಲ್ಲ. ‘ಬಿಚ್ಚೋಕೆ ಮೊದ್ಲು ಎಲೆಯಡಿಕೆ ಸುಣ್ಣದಲ್ಲಿ ಎರಡ್ಕೂ ಎದುರುಬದುರು ಒಂದೊಂದು ಚುಕ್ಕೆ ಇಡು. ಹಾಕುವಾಗ ಹಂಗೇ ಹಾಕು. ಹಾಕಿದ್ಮೇಲೆ ಕೀ ಮುಟ್ಬ್ಯಾಡ. ಕಾರಿನ ಮೂತಿಗೆ ಹ್ಯಾಂಡ್ಲು ಹಾಕಿ ಕೈಯಲ್ಲೇ ಎರಡು ಸುತ್ತು ತಿರುಗ್ಸು, ಮೆಲ್ಲಗೆ. ಕೈಗೆ ಗೊತ್ತಾಯ್ತದೆ, ಕೀಗೆ ಗೊತ್ತಾಗಾಕಿಲ್ಲ.’

ಇತ್ತ ಲೋಕೇಶಣ್ಣ ತಾಯಿಯ ಜೊತೆ ಒಪ್ಪಂದ ಮಾಡಿಕೊಂಡಿದ್ದ. ವಿಜಯದಶಮಿ ದಿನ ಗುಜರಿಯವನು ಬರುತ್ತಾನೆ. ಅಷ್ಟರಲ್ಲಿ ಕಾರು ಎದ್ದರೆ ಅವನು ಬರಿಗೈಲಿ ಹೋಗುತ್ತಾನೆ. ಏಳದಿದ್ದರೆ ಕಟ್ಟಿಕೊಂಡು ಹೋಗುತ್ತಾನೆ. ‘ಆಯ್ತು,’ ಎಂದರು ದೊಡ್ಡಮ್ಮ, ನನ್ನ ಕಡೆ ನೋಡಿ. ಒಪ್ಪಂದ ತಾಯಿ ಮಗನದು, ಬೆವರು ನನ್ನದು.

ಸುಣ್ಣದ ಚುಕ್ಕೆ ಇಟ್ಟೆ. ಮೇಸ್ತ್ರಿ ಹೇಳಿದಂತೆ ಮೇಲೆ ವಾಲ್ವುಗಳನ್ನು ಒತ್ತುವ ರಾಕರ್ ಸರಳನ್ನು ಬಿಚ್ಚಿ, ಆಮೇಲೆ ಚೈನು, ಚಕ್ರ ಬಿಚ್ಚಿ ಗೋಣಿಯ ಮೇಲೆ ಸಾಲಾಗಿ ಇಟ್ಟೆ. ಹಾಸನದಿಂದ ಚೈನು ಬರಲು ಎರಡು ದಿನವಾಯಿತು. ಅಷ್ಟರಲ್ಲಿ ಆಯುಧಪೂಜೆ. ಪೂಜೆಗಿಟ್ಟ ಆಯುಧವನ್ನು ಅವತ್ತು ಮುಟ್ಟುವ ಹಾಗಿಲ್ಲ. ನಾನು ಯಾರದೋ ಮನೆಯ ಸಮಾರಂಭದಲ್ಲಿ ರೈಟರ ಕೆಮ್ಮು ಕೆಮ್ಮುತ್ತಿದ್ದೆ.

ವಿಜಯದಶಮಿ ಬೆಳಿಗ್ಗೆ ಹೋದಾಗ ಕಾರು ಶೆಡ್ಡಿನಿಂದ ಅಂಗಳಕ್ಕೆ ಬಂದಿತ್ತು. ಆಳುಗಳ ಕೈಲಿ ತಳ್ಳಿಸಿ, ಪೂರ್ವಕ್ಕೆ ಮುಖ ಮಾಡಿಸಿ, ತೊಳೆದು, ಮೂತಿಗೆ ಚೆಂಡುಹೂವಿನ ಹಾರ ಹಾಕಿದ್ದರು. ಗೇರಿನಲ್ಲೇ ಇದ್ದ ಗಾಡಿ. ತಳ್ಳಿದಾಗ ಇಂಜಿನ್ನು ಒಳಗೇ ಜರುಗಿದೆ ಎಂದುಕೊಂಡೆ. ರಾಕರ್ ಬಿಚ್ಚಿದ್ದರಿಂದ ವಾಲ್ವೆಲ್ಲ ಮುಚ್ಚಿದ್ದವು, ಪೆಟ್ಟಾಗಿರಲಿಲ್ಲ. ಚಿಂತೆ ಇಲ್ಲ, ಚಕ್ರಗಳ ಮೇಲೆ ಬೆಳ್ಳಗೆ ಚುಕ್ಕೆ ಕಾಣುತ್ತಿದೆಯಲ್ಲ! ಎರಡು ಚುಕ್ಕೆಗಳನ್ನೂ ಎದುರುಬದುರು ಮಾಡಿದೆ, ಹೊಸ ಚೈನು ಏರಿಸಿದೆ, ಮುಚ್ಚಳ ಹಾಕಿದೆ, ರಾಕರ್ ಕೂರಿಸಿದೆ. ನಡುನಡುವೆ ಲೋಕೇಶಣ್ಣನ ಗೊರಕೆ ಮಾಡಿ ಆಳುಗಳನ್ನು ನಗಿಸಿದೆ.

ಗುಜರಿಯವನು ಬಂದು ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದ. ಲೋಕೇಶಣ್ಣ ಅವನ ಪಕ್ಕ. ದೊಡ್ಡಮ್ಮ ಸೆರಗು ಸಿಕ್ಕಿಸಿ ಸೀಟಿನಲ್ಲಿ ಕೂತು ಕೀ ಹಾಕಿದರು.

‘ತಿರುಗಿಸ್ಲೇನೋ? ಇನ್ನೊಂದು ಗಂಟೆಗೆ ರಾಹುಕಾಲ.’

‘ತಡೀರಿ ದೊಡ್ಡಮ್ಮ, ಕೈಯಲ್ಲಿ ಎರಡು ಸುತ್ತು.’

ಹ್ಯಾಂಡ್ಲು ಹಾಕಿ ತಿರುಗಿಸಿದೆ. ಅರ್ಧ ಸುತ್ತು ಸಲೀಸು. ಇನ್ನಷ್ಟು. ಆಮೇಲೆ ಒಳಗೆ ಎಲ್ಲೋ, ಟಕ್.

ಹ್ಯಾಂಡ್ಲು ನಿಂತಿತು. ಎಡಕುಮೇರಿಯಲ್ಲಿ ರೈಲು ಸುರಂಗದೊಳಗೆ ಹೋದ ಮೇಲೆ ಹೊರಗೆ ಒಂದು ಮೌನ ಉಳಿಯುತ್ತದೆ, ಕೇಳಿದ್ದೀರಾ? ಅದು ನನ್ನ ಕಿವಿಯೊಳಗೆ. ಟಕ್ ಎಂದದ್ದು ತೀರಾ ಸಣ್ಣ ಸದ್ದು, ಗೋಡೆಯ ಹಲ್ಲಿ ಲೊಚಗುಟ್ಟಿದಷ್ಟು.

‘ಏನಾಯ್ತ್ಲಾ?’ ಎಂದ ಲೋಕೇಶಣ್ಣ. ‘ಬಲ ಬುಟ್ಟು ತಿರುಗ್ಸೋ, ತೊಳ್ದಿದ್ಕೆ ತುಕ್ಕು ಹಿಡ್ದಿರ್ತದೆ.’

‘ನಾನೇ ಕೀ ಕೊಟ್ ನೋಡ್ಲಾ?’ ಎಂದರು ದೊಡ್ಡಮ್ಮ. ಗಾಜಿನ ಆ ಕಡೆ ಅವರ ಬೆರಳು ಕೀಯ ಮೇಲೆ ಬಿಗಿಯಾಗುವುದು ಕಾಣುತ್ತಿತ್ತು. ಬೇಡ ಎನ್ನಬೇಕು. ಬಾಯಿ ತೆರೆದೆ. ಬಂದದ್ದು ಮೇಸ್ತ್ರಿಯ ಧ್ವನಿ: ‘ಕೀ ಮುಟ್ಬ್ಯಾಡ!’

ಗುಜರಿಯವನು ನಕ್ಕ. ಆಳುಗಳು ನಕ್ಕರು. ನಾನು ಬೇರೆ ಧ್ವನಿ ಹುಡುಕಿದೆ, ಕಂಡಕ್ಟರು ಸಿಕ್ಕಿದ: ‘ಕೈ ತೆಗೀರಿ, ಕೈ ತೆಗೀರಿ!’ ಎಲ್ಲರೂ ಇನ್ನೂ ಜೋರಾಗಿ ನಕ್ಕರು. ನಾನು ತಮಾಷೆ ಮಾಡುತ್ತಿದ್ದೇನೆ ಎಂದು ಅವರ ಎಣಿಕೆ. ನಗದೆ ಇದ್ದವರು ಒಬ್ಬರೇ. ದೊಡ್ಡಮ್ಮ ಕೀ ಎಳೆದು ಮಡಿಲಿಗೆ ಹಾಕಿಕೊಂಡು ಕೆಳಗಿಳಿದರು, ನನ್ನ ಮುಂದೆ ಬಂದು ನಿಂತರು.

‘ಚೆನ್ನಪ್ಪನ ಬಾಯಲ್ಲಿ ಬ್ಯಾಡ,’ ಎಂದರು ಮೆಲ್ಲಗೆ. ‘ನಿನ್ ಬಾಯಲ್ಲಿ ಹೇಳು ಮಗ. ಏನಾಗೈತೆ?’

‘ಗೊತ್ತಿಲ್ಲ ದೊಡ್ಡಮ್ಮ,’ ಎಂದೆ. ‘ಹೆದ್ರಿಕೆ ಆಯ್ತೈತೆ.’ ಆ ಧ್ವನಿ ನನಗೇ ಅಪರಿಚಿತ. ಯಾರೋ ಸಣ್ಣ ಹುಡುಗನದಿದ್ದ ಹಾಗಿತ್ತು. ಕಲ್ಲು ಹೊತ್ತು ಓಡುತ್ತಿದ್ದವನದು.

ಮೇಸ್ತ್ರಿಗೆ ಫೋನು ಮಾಡಿದೆ. ‘ಹಿಂದಕ್ಕೆ ತಿರುಗ್ಸಿ ರಾಕರ್ ಬಿಚ್ಚು, ಮುಚ್ಚಳ ತೆಗಿ, ಗುರುತು ನೋಡು,’ ಎಂದರು. ಬಿಚ್ಚಿ ನೋಡಿದೆ. ಎರಡೂ ಚುಕ್ಕೆ ಸರಿಯಾಗಿ ಎದುರುಬದುರು ಇವೆ. ಬೆಳ್ಳಗಿವೆ. ಆದರೆ ಬೆಳ್ಳಗಿನ ನಡುವೆ ಸಾಸಿವೆಯಷ್ಟು ಕೆಂಪು. ಸುಣ್ಣದಲ್ಲಿ ಕೆಂಪು ಎಲ್ಲಿಂದ ಬಂತು? ತಲೆ ಎತ್ತಿದೆ. ಜಾಕಿನ ಮೇಲೆ ಮೂರು ಬೆರಳ ವಿಭೂತಿ, ನಡುವೆ ಕುಂಕುಮ. ಸುತ್ತಿಗೆಯ ಮೇಲೆ ಹಾಗೇ. ಎಣ್ಣೆಯ ಡಬ್ಬ, ಕಾಫಿ ಪಲ್ಪರು, ಕತ್ತಿ, ಒನಕೆ, ರುಬ್ಬುಗುಂಡು, ಲೋಕೇಶಣ್ಣನ ಲ್ಯಾಪ್‌ಟಾಪು, ಎಲ್ಲದರ ಮೇಲೂ. ಹಲ್ಲುಚಕ್ರ ಸಣ್ಣದು, ಮೂರು ಬೆರಳು ಹಿಡಿಯುವುದಿಲ್ಲ. ಅದಕ್ಕೆ ಒಂದೇ ಬೊಟ್ಟು.

‘ದೊಡ್ಡಮ್ಮ, ಇವನ್ನ ತೊಳೆದ್ರಾ?’

‘ಹೂಂ ಮತ್ತೆ! ಯಾರೋ ಎಲೆಯಡಿಕೆ ತಿಂದು ಸುಣ್ಣ ಮೆತ್ತಿದ್ರು. ಸೀಮೆಎಣ್ಣೆಯಲ್ಲಿ ಉಜ್ಜಿ, ಬೊಟ್ಟಿಟ್ಟೆ. ಪೂಜೆಗೆ ಕೊಳಕು ಇಡಾಕಾಯ್ತದಾ?’

ಫೋನಿನೊಳಗೆ ಮೇಸ್ತ್ರಿ ಇದನ್ನೆಲ್ಲ ಕೇಳಿಸಿಕೊಂಡರು. ‘ನಿಮ್ ಮನೇಲಿ ಇಂಜಿನ್ನಿಗೂ ದೀಕ್ಷೆ ಕೊಟ್ಬುಡ್ತೀರಲ್ಲೋ,’ ಎಂದರು.

ದೊಡ್ಡಮ್ಮನ ಮುಖ ಇಳಿಯಿತು. ಯಾವಾಗಲೂ ಯಾರಿಗಾದರೂ ಹೆದರಿಕೆ ಹುಟ್ಟಿಸುವ ಮುಖ ಅದು. ಅದರ ಮೇಲೆ ಹೆದರಿಕೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ‘ನಾನೇ ಕೊಂದ್ಬುಟ್ಟೆನಾ ಇದನ್ನ?’ ಎಂದರು, ಕಾರಿನ ಬೆನ್ನು ಸವರುತ್ತ. ‘ಇವತ್ತು ಬುಧವಾರ.’ ನಾಳೆ ಏನೆಂದು ಹೇಳಬೇಕಾಗಿರಲಿಲ್ಲ.

‘ಗುರುತು ನೋಡದೆ ಹಾಕಿದ್ದು ನಾನು ದೊಡ್ಡಮ್ಮ,’ ಎಂದೆ. ನನ್ನ ಧ್ವನಿಯಲ್ಲೇ. ‘ಕೆಂಪು ಕಾಣದಷ್ಟು ಕುರುಡ ನಾನು.’

ಗುರುತು ಇಲ್ಲದೆ ಟೈಮಿಂಗ್ ಹಿಡಿಯುವ ದಾರಿ ಇತ್ತು. ಫೋನನ್ನು ಬಾನೆಟ್ಟಿನ ಅಂಚಿಗಿಟ್ಟೆವು. ಮೇಸ್ತ್ರಿ ಅಲ್ಲಿಂದ ಕೂಗಿದರು, ನಾವು ಇಲ್ಲಿಂದ ಮಾಡಿದೆವು. ಚೈನು ತೆಗೆದದ್ದಾಯಿತು. ಒಂದನೇ ಪ್ಲಗ್ಗಿನ ತೂತಿಗೆ ಪೊರಕೆಯ ಒಂದು ಕಡ್ಡಿ ಇಳಿಬಿಟ್ಟು ಅದರ ತುದಿ ಹಿಡಿಯುವ ಕೆಲಸ ದೊಡ್ಡಮ್ಮನದು, ಹ್ಯಾಂಡ್ಲು ನನ್ನದು. ಪಿಸ್ಟನ್ ಏರಿದಂತೆ ಕಡ್ಡಿ ಏರುತ್ತದೆ.

‘ಏರ್ತೈತೆ... ಏರ್ತೈತೆ... ನಿಂತ್ಕೊಂತು. ಏ, ಇಳೀತು!’

‘ಅದೇ ತುದಿ ಅಮ್ನೋರೆ,’ ಎಂದರು ಮೇಸ್ತ್ರಿ. ‘ಗೊತ್ತಾಯ್ತಲ್ಲ. ಈಗ ಕಾಲು ಸುತ್ತು ಹಿಂದಕ್ಕೆ ಹೋಗ್ಲಿ. ಪಿಸ್ಟನ್ನೆಲ್ಲ ಅರ್ಧದಲ್ಲಿ ನಿಂತ್ಕೊಂಡ್ರೆ ಯಾವ ವಾಲ್ವಿಗೂ ತಾಗಾಕಿಲ್ಲ. ರಾಕರ್ ಕೂರ್ಸು. ಇನ್ನು ಕ್ಯಾಮ್ ಚಕ್ರ ಮಾತ್ರ ತಿರುಗ್ಸು. ನಾಲ್ಕನೇ ಸಿಲಿಂಡರ್ ಮನೆ ನೋಡು. ಆ ಮನೆಗೆ ಎರಡು ಬಾಗ್ಲು. ಹೊಗೆ ಹೋಗೋ ಬಾಗ್ಲು ಆಗ ತಾನೇ ಮುಚ್ತಿರ್ಬೇಕು, ಗಾಳಿ ಬರೋ ಬಾಗ್ಲು ಆಗ ತಾನೇ ತೆರೀತಿರ್ಬೇಕು. ಎರಡೂ ಒಂದೇ ಉಸಿರಲ್ಲಿ ಅಲ್ಲಾಡೋ ಆ ಜಾಗ ಐತಲ್ಲ, ಅಲ್ಲಿ ನಿಲ್ಸು.’

ನಾನು ಕೂದಲೆಳೆಯಷ್ಟೇ ತಿರುಗಿಸುತ್ತಿದ್ದೆ. ಕೈಬೆವರಿಗೆ ಸ್ಪ್ಯಾನರು ಜಾರುತ್ತಿತ್ತು. ಒಂದು ಬದಿ ಏಳುತ್ತಿತ್ತು, ಇನ್ನೊಂದು ಬಾಗುತ್ತಿತ್ತು, ತಕ್ಕಡಿಯ ಹಾಗೆ. ನಿಲ್ಲಿಸಿದೆ. ಆಮೇಲೆ ಕಡ್ಡಿ ಮತ್ತೆ ತುದಿಗೆ ಬರುವಷ್ಟು ಹ್ಯಾಂಡ್ಲು ಮುಂದಕ್ಕೆ. ಏನೂ ಜರುಗದ ಹಾಗೆ ಉಸಿರು ಹಿಡಿದು ಚೈನು ಏರಿಸಿದೆ. ಎರಡು ಚಕ್ರವೂ ಎದುರುಬದುರಾಗುವ ಜಾಗ ಒರೆಸಿದೆ.

‘ದೊಡ್ಡಮ್ಮ, ಈಗ ಇಡಿ ಬೊಟ್ಟು.’

ಅವರು ಒಳಗೆ ಹೋಗಿ, ಕೈಕಾಲು ತೊಳೆದು, ವಿಭೂತಿ ಗಟ್ಟಿ ತಂದು, ಬೆರಳು ಒದ್ದೆ ಮಾಡಿ, ಒಂದೊಂದು ಬೊಟ್ಟಿಟ್ಟರು. ನಾನು ಅದರ ಮೇಲೇ ಅರದಿಂದ ಗೀರಿದೆ. ಎಣ್ಣೆಗೆ ವಿಭೂತಿ ನಿಲ್ಲುವುದಿಲ್ಲ, ಗೀರು ನಿಲ್ಲುತ್ತದೆ. ಗಟ್ಟಿಯನ್ನು ಅವರು ನನ್ನ ಟೂಲ್ ಪೆಟ್ಟಿಗೆಗೇ ಹಾಕಿದರು.

ಮುಚ್ಚಳ ಹಾಕಿ ಹ್ಯಾಂಡ್ಲು ಹಿಡಿದೆ. ಒಂದು ಸುತ್ತು. ಟಕ್ ಎಂದ ಜಾಗ ಬಂತು. ನಾನು ಕಣ್ಣು ಮುಚ್ಚಿದೆ. ಕೈ ದಾಟಿಹೋಯಿತು. ಇನ್ನೊಂದು ಸುತ್ತು. ಅದೂ ದಾಟಿತು. ಅಷ್ಟಾದರೂ, ಮೊದಲ ಟಕ್ಕಿಗೇ ವಾಲ್ವು ಒಂದು ಕೂದಲು ಬಗ್ಗಿದ್ದರೆ? ಅದು ಕೈಗೆ ಗೊತ್ತಾಗುವುದಿಲ್ಲ. ಕೀಗೇ ಗೊತ್ತಾಗಬೇಕು.

‘ಈಗ?’ ಎಂದರು ದೊಡ್ಡಮ್ಮ. ರಾಹುಕಾಲ ಶುರುವಾಗಿ ಅರ್ಧ ಗಂಟೆಯಾಗಿತ್ತು. ಇಬ್ಬರೂ ಆ ಮಾತು ಎತ್ತಲಿಲ್ಲ.

‘ಈಗ.’

ಇಂಜಿನ್ನು ಒಮ್ಮೆ ಗೊಣಗಿತು. ಎರಡನೇ ಸಲ ಸೀನಿತು. ಮೂರನೇ ಸಲಕ್ಕೆ ಎದ್ದಿತು. ಕರಟದ ಸದ್ದು ಇಲ್ಲ. ನಾಲ್ಕು ಸಿಲಿಂಡರಿನ ನಾಲ್ಕು ಏಟೂ ಇವೆಯೇ? ನಾನು ಬಗ್ಗಿ ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು. ಮತ್ತೆ ಎಣಿಸಿದೆ, ರೈಟರ ಹಾಗೆ, ಐದರಿಂದ ಅಲ್ಲ, ಒಂದರಿಂದ. ಗುಜರಿಯವನು ಹಗ್ಗ ಸುತ್ತಿಕೊಂಡ. ಲೋಕೇಶಣ್ಣ ಏನೂ ಹೇಳದೆ ಹೊಸ ಕಾರನ್ನು ಹಿಂದಕ್ಕೆ ತೆಗೆದು ದಾರಿ ಬಿಟ್ಟ. ಆ ಹೆಂಗಸು ಮಾತ್ರ ಎಚ್ಚರಿಸಿದಳು.

ಈಗ ಪ್ರತಿ ಗುರುವಾರ ಬೆಳಿಗ್ಗೆ ಬೆಲ್ಲದಚ್ಚು ನನ್ನ ಗ್ಯಾರೇಜಿನ ಮುಂದೆ ಹಾದು ಹೋಗುತ್ತದೆ. ಅದು ತಿರುವು ದಾಟುವವರೆಗೆ ನನ್ನ ಕೈ ನಿಂತಿರುತ್ತದೆ. ನಾಲ್ಕು ಏಟು ಎಣಿಸುತ್ತೇನೆ. ಅವರು ಹಿಂದಿರುಗಿ ಬಂದಾಗ ಮತ್ತೆ ಎಣಿಸುತ್ತೇನೆ. ಮಧ್ಯದ ಹೊತ್ತಿನಲ್ಲಿ ಯಾವ ಗಿರಾಕಿಯ ಟೈಮಿಂಗೂ ನಾನು ಮುಟ್ಟುವುದಿಲ್ಲ.

ಹೋದ ಗುರುವಾರ ಅದು ದಾಟಲಿಲ್ಲ. ಬಾಗಿಲ ಮುಂದೆ ನಿಂತಿತು. ದೊಡ್ಡಮ್ಮ ಗಾಜು ಇಳಿಸಿ ಹೇಳಿದರು: ‘ಏರಲ್ಲಿ ಟಕ್ ಟಕ್ ಅಂತೈತೆ ಕಣೋ.’

ಬಾನೆಟ್ಟು ಎತ್ತಿ, ಉದ್ದನೆ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಇಟ್ಟು ಕೇಳಿದೆ. ಏನೂ ಇಲ್ಲ. ಹಿಂದಿನ ಸೀಟಿನಲ್ಲಿ ಕೂತು ಏರಿನವರೆಗೆ ಹೋಗೋಣ ಎಂದೆ. ಏರು ಬಂತು. ಟಕ್. ಟಕ್. ನನ್ನ ಕಾಲಿನ ಬಳಿಯೇ. ಬಗ್ಗಿ ನೋಡಿದೆ. ಸೀಟಿನ ಕೆಳಗೆ, ಚಿಕ್ಕಮ್ಮನ ತಲೆಗೆ ಹಚ್ಚುವ ಎಣ್ಣೆಯ ಡಬ್ಬಕ್ಕೆ ತಾಗುತ್ತ, ತೆಂಗಿನಕಾಯಿ ಗಾತ್ರದ ಕಲ್ಲು.

‘ದೊಡ್ಡಮ್ಮ! ಹ್ಯಾಂಡ್‌ಬ್ರೇಕ್ ಸರಿ ಮಾಡ್ಕೊಟ್ಟಿದೀನಲ್ಲ. ಇನ್ನೂ ಯಾಕೆ ಇದು?’

ಅವರು ಕನ್ನಡಿಯಲ್ಲಿ ನನ್ನನ್ನು ನೋಡಿದರು. ‘ನಿನ್ ಕೆಲಸದ ಮೇಲೆ ನಂಬ್ಕೆ ಐತೆ ಕಣೋ,’ ಎಂದರು. ‘ಕಲ್ಲೂ ಇರ್ಲಿ.’

ಕಲ್ಲನ್ನು ಎತ್ತಿ ಮಡಿಲಿಗೆ ಇಟ್ಟುಕೊಂಡೆ. ಅದಕ್ಕೂ ಮೂರು ಬೆರಳ ವಿಭೂತಿ ಬಳಿದಿತ್ತು, ನಡುವೆ ಕುಂಕುಮ. ಹೆತ್ತೂರು ಬರುವವರೆಗೂ ಕೆಳಗಿಡಲಿಲ್ಲ.